ಪ್ರಶ್ನೋತ್ತರ: ನ್ಯಾಸ್‌ಗೆ ನಕಲಾದ ಫೋಲ್ಡರು ತೆರೆಯುತ್ತಿಲ್ಲ

ಪ್ರಶ್ನೆ: ತಂದೆಯವರ ಕೈಬರಹದ ಯಕ್ಷಗಾನ ಪ್ರಸಂಗಗಳನ್ನು ಸ್ಕ್ಯಾನ್ ಮಾಡಿ ಉಬುಂಟು ಲ್ಯಾಪ್‌ಟಾಪಿನಲ್ಲಿ ಇಟ್ಟಿದ್ದೇನೆ. ಪ್ರತಿ ರಾತ್ರಿ ಅವು ಆರ್‌ಸಿಂಕ್ ಎಂಬ ನಕಲು ತಂತ್ರಾಂಶದ ಮೂಲಕ ಮನೆಯ ನ್ಯಾಸ್‌ಗೆ (ಜಾಲಕ್ಕೆ ಜೋಡಿಸಿದ ಕಡತ ಸಂಗ್ರಹ ಪೆಟ್ಟಿಗೆಗೆ) ನಕಲಾಗಬೇಕು. ಎನ್‌ಎಫ್‌ಎಸ್‌ನಲ್ಲಿ (ದೂರದ ಫೋಲ್ಡರನ್ನು ಜಾಲದ ಮೂಲಕ ಬಳಸುವ ವಿಧಾನ) ಜೋಡಿಸಿದ ನ್ಯಾಸ್‌ನ ಫೋಲ್ಡರು ಮೊದಲು 'ಪರ್ಮಿಷನ್ ಡಿನೈಡ್' ಎಂದಿತು. ಅದಕ್ಕೆ 777 (ಎಲ್ಲರಿಗೂ ಎಲ್ಲ ಅನುಮತಿ) ಕೊಟ್ಟು, ಸುಡೊ ಹಾಕಿ (ಅಂದರೆ ರೂಟ್ ಎಂಬ ಸರ್ವಾಧಿಕಾರದ ಬಳಕೆದಾರನಾಗಿ) ಆರ್‌ಸಿಂಕ್ ಓಡಿಸಿದೆ. ಈಗ 'ಚೌನ್ ಫೇಲ್ಡ್, ಆಪರೇಷನ್ ನಾಟ್ ಪರ್ಮಿಟೆಡ್' ಎಂಬ ಸಾಲುಗಳ ಕೊನೆಗೆ 23ನೇ ದೋಷಸಂಖ್ಯೆ ಬರುತ್ತದೆ. ನಕಲಾದ ಫೋಲ್ಡರುಗಳನ್ನು ನನಗಾಗಲಿ ಪತ್ನಿಗಾಗಲಿ ತೆರೆಯಲು ಆಗುತ್ತಿಲ್ಲ. ನನ್ನ ಬಳಕೆದಾರ ಸಂಖ್ಯೆ ಲ್ಯಾಪ್‌ಟಾಪಿನಲ್ಲಿ 1000, ನ್ಯಾಸ್‌ನಲ್ಲಿ 1026. ಪುಟಗಳು ಹಾಳಾಗಿವೆಯೇ?
ಓದುಗರು, ಹೊನ್ನಾವರ

ಉತ್ತರ: ಬಹುಮಟ್ಟಿಗೆ ಹಾಳಾಗಿರಲಾರವು. 23 ಎಂದರೆ ಕೆಲವು ಕಡತಗಳು ಅಥವಾ ಅವುಗಳ ಗುಣಲಕ್ಷಣಗಳು ಪೂರ್ತಿ ದಾಟಲಿಲ್ಲ ಎಂದರ್ಥ. ನೀವು ಬರೆದ ಸಾಲುಗಳೆಲ್ಲ ಒಡೆತನ ಬದಲಿಸಲಾಗದ್ದನ್ನಷ್ಟೇ ಹೇಳುತ್ತವೆ. ಆದರೂ ಅಂಥ ಕೈಬರಹದ ವಿಷಯದಲ್ಲಿ ಊಹೆ ಸಾಲದು. ಮೊದಲು ರಾತ್ರಿಯ ನಕಲನ್ನು ನಿಲ್ಲಿಸಿ. ಎಲ್ಲವೂ ಸರಿಹೋಗುವವರೆಗೆ ಲ್ಯಾಪ್‌ಟಾಪಿನ ಮೂಲವನ್ನು ಮುಟ್ಟಬೇಡಿ.

ನ್ಯಾಸ್‌ನಲ್ಲೂ ಲ್ಯಾಪ್‌ಟಾಪಿನಲ್ಲೂ ನಿಮ್ಮ ಹೆಸರು ಒಂದೇ ಇದ್ದರೂ, ಇಂಥ ಜೋಡಣೆಯಲ್ಲಿ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದು ಸಂಖ್ಯೆ. 1026ರವನ ಫೋಲ್ಡರಿಗೆ 1000ದವನು ಬರೆಯಲು ಹೋದಾಗ ತಡೆ ಬಿದ್ದದ್ದು ಅದಕ್ಕೇ. ಸುಡೊ ಹಾಕಿದಾಗ ಇನ್ನೊಂದು ತೊಡಕು ಸೇರಿಕೊಂಡಿತು: ದೂರದ ಯಂತ್ರದ ರೂಟ್ ಬಳಕೆದಾರನನ್ನು ಎನ್‌ಎಫ್‌ಎಸ್ ಸಾಮಾನ್ಯವಾಗಿ ನಂಬದೆ 'ನೋಬಡಿ' ಎಂಬ ಅನಾಮಿಕನನ್ನಾಗಿ, ಎಷ್ಟೋ ಕಡೆ 65534 ಎಂಬ ಸಂಖ್ಯೆಯವನನ್ನಾಗಿ, ಇಳಿಸುತ್ತದೆ. ಇದಕ್ಕೆ ರೂಟ್ ಸ್ಕ್ವಾಶ್ ಎನ್ನುತ್ತಾರೆ. ನೀವು 777 ಕೊಟ್ಟಿದ್ದರಿಂದ ಆ ಅನಾಮಿಕ ಒಳಗೆ ಬರೆದ, ಆದರೆ ಒಡೆತನವನ್ನು ನಿಮ್ಮ ಹೆಸರಿಗೆ ದಾಟಿಸಲು ಅವನಿಗೆ ಅಧಿಕಾರವಿರಲಿಲ್ಲ. ಲ್ಯಾಪ್‌ಟಾಪಿನ ಫೋಲ್ಡರಿಗೆ 700 (ಒಡೆಯನಿಗೆ ಮಾತ್ರ ಪ್ರವೇಶ) ಇದ್ದಿದ್ದರೆ, ಅನುಮತಿ, ಒಡೆತನಗಳನ್ನೂ ಒಯ್ಯುವ ಆರ್‌ಸಿಂಕ್‌ನ 'ಎ' ಆಯ್ಕೆ ಅದನ್ನೂ ಹಾಗೆಯೇ ಒಯ್ದಿರುತ್ತದೆ. ಈಗ ಆ ಬಾಗಿಲು ನೋಬಡಿಗೆ ಮಾತ್ರ ತೆರೆಯುತ್ತದೆ.

ನ್ಯಾಸ್‌ನ ಆಡಳಿತ ಪುಟಕ್ಕೆ ಹೋಗಿ, ನಕಲಾದ ಫೋಲ್ಡರಿನ ಒಡೆತನವನ್ನು ನಿಮ್ಮ ಖಾತೆಗೆ ಬದಲಿಸಿ, ಒಳಗಿನ ಎಲ್ಲದಕ್ಕೂ ಅನ್ವಯಿಸುವಂತೆ ಗುರುತು ಹಾಕಿ. ಅನೇಕ ನ್ಯಾಸ್‌ಗಳು ತಮ್ಮದೇ ಎಸಿಎಲ್ (ಯಾರಿಗೆ ಏನು ಬಿಡಬೇಕೆಂಬ ಪಟ್ಟಿ) ಅನುಮತಿಗಳನ್ನು ಮೇಲೆ ಹೊದಿಸಿರುವುದರಿಂದ, ಟರ್ಮಿನಲ್ಲಿನಿಂದ ಚ್‌ಮಾಡ್ (ಅನುಮತಿ ಬದಲಿಸುವ ಆದೇಶ) ಕೊಡುವುದಕ್ಕಿಂತ ಇದು ಕ್ಷೇಮ. ಬಳಿಕ 777 ತೆಗೆದುಬಿಡಿ. ಅದು ಆ ಫೋಲ್ಡರನ್ನು ಜೋಡಿಸಿಕೊಳ್ಳಬಲ್ಲ ಮನೆಯ ಜಾಲದ ಯಾವ ಉಪಕರಣವೂ ತಂದೆಯವರ ಪುಟಗಳನ್ನು ಅಳಿಸಬಹುದಾದ ಸ್ಥಿತಿ.

ಮುಂದೆ ಎನ್‌ಎಫ್‌ಎಸ್ ಬಿಟ್ಟು, ನ್ಯಾಸ್‌ನಲ್ಲಿ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಚಾಲೂ ಮಾಡಿ, ಸುಡೊ ಇಲ್ಲದೆ, ಅಲ್ಲಿನ ನಿಮ್ಮ ಖಾತೆಗೇ ಲಾಗಿನ್ ಆಗಿ ಆರ್‌ಸಿಂಕ್ ಓಡಿಸಿ. ಆಗ ಬರೆಯುವವನೇ 1026 ಆಗುವುದರಿಂದ ಸಂಖ್ಯೆಯ ಜಗಳವೇ ಉಳಿಯುವುದಿಲ್ಲ. 'ಎ' ಬದಲು ಆರ್, ಎಲ್, ಪಿ, ಟಿ ಆಯ್ಕೆಗಳನ್ನು ಮಾತ್ರ ಕೊಟ್ಟರೆ ಒಡೆಯ ಮತ್ತು ಗುಂಪಿನ ಗೊಡವೆ ತಪ್ಪುತ್ತದೆ. ಜೊತೆಗೆ ಆರ್‌ಸಿಂಕ್‌ನದೇ ಚ್‌ಮಾಡ್ ಆಯ್ಕೆಯಲ್ಲಿ ಫೋಲ್ಡರಿಗೆ 775, ಕಡತಕ್ಕೆ 664 (ಒಡೆಯನಿಗೂ ಗುಂಪಿಗೂ ತಿದ್ದುವ, ಉಳಿದವರಿಗೆ ಓದುವ ಅನುಮತಿ) ಎಂದು ಸೂಚಿಸಿ. ನಿಮ್ಮ ಖಾತೆಯ ಮುಖ್ಯ ಗುಂಪಿನಲ್ಲಿ ಪತ್ನಿಯವರ ಖಾತೆಯೂ ಇದ್ದರೆ ಅವರಿಗೂ ತೆರೆಯಲು, ತಿದ್ದಲು ಬರುತ್ತದೆ. ಫೋಲ್ಡರಿಗೆ 'ಎಕ್ಸ್' (ಒಳಹೋಗುವ) ಅನುಮತಿ ಇಲ್ಲದಿದ್ದರೆ ಒಳಗಿನ ಕಡತ ಎಲ್ಲರಿಗೂ ಓದಲು ಮುಕ್ತವಾಗಿದ್ದರೂ ಅಲ್ಲಿಗೆ ಹೋಗಲಾಗದು. ಎರಡಕ್ಕೂ ಬೇರೆ ಬೇರೆ ಸಂಖ್ಯೆ ಕೊಡುವುದು ಅದಕ್ಕಾಗಿ.

ಮೊದಲ ಸಲ ಎನ್, ಸಿ, ಐ ಆಯ್ಕೆಗಳನ್ನೂ ಸೇರಿಸಿ. ಆಗ ಏನನ್ನೂ ಬರೆಯದೆ, ಎರಡೂ ಕಡೆಯ ಕಡತಗಳನ್ನು ಪೂರ್ತಿ ಓದಿ, ವ್ಯತ್ಯಾಸವಿರುವುದನ್ನು ಮಾತ್ರ ಅದು ಪಟ್ಟಿ ಮಾಡುತ್ತದೆ. ಸಾಲಿನ ಮೂರನೆಯ ಸ್ಥಾನದಲ್ಲಿ 'ಸಿ' ಅಕ್ಷರ ಕಂಡ ಪುಟದಲ್ಲಿ ವ್ಯತ್ಯಾಸವಿದೆ. ಸಾಲುಸಾಲು ಕೂಡಿಸು ಚಿಹ್ನೆ ಕಂಡ ಪುಟ ನ್ಯಾಸ್‌ಗೆ ಇನ್ನೂ ಹೋಗಿಲ್ಲ. ಪಟ್ಟಿ ನೋಡಿದ ಮೇಲೆ ಎನ್ ಒಂದನ್ನು ತೆಗೆದು ಓಡಿಸಿದರೆ ಅವೆರಡೂ ಸರಿಹೋಗುತ್ತವೆ.