ಹತ್ತಿರ ಕೂರಿಸಿದ ಮಾತ್ರಕ್ಕೆ ವೇಗ ಬರುವುದಿಲ್ಲ: ಒಬ್ಬ ಲೇಖಕರಿಗೆ ಉತ್ತರ

ಡಿಎನ್‌ಎ ಒರಿಗಾಮಿ (ಡಿಎನ್‌ಎ ಎಳೆಗಳನ್ನು ಮಡಿಚಿ ಕಟ್ಟುವ ಅತಿ ಪುಟ್ಟ ಹಲಗೆ) ಮತ್ತು ಕಿಣ್ವಗಳ ಬಗೆಗಿನ ನಿಮ್ಮ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ವಿಷಯದ ಆಯ್ಕೆಯೂ ಒಳ್ಳೆಯದು. ಆದರೆ ಮೂರನೇ ಪ್ಯಾರಾ ನನ್ನನ್ನು ಕಾಡುತ್ತಿದೆ.

"ಎರಡು ಕಿಣ್ವಗಳನ್ನು 10 ನ್ಯಾನೋಮೀಟರ್ ಅಂತರದಲ್ಲಿ ಕೂರಿಸಿದರೆ ಮೊದಲನೆಯದರ ಉತ್ಪನ್ನ ನೇರವಾಗಿ ಎರಡನೆಯದನ್ನು ಸೇರುತ್ತದೆ" ಎಂದಿದ್ದೀರಿ. ಲೆಕ್ಕ ಹಾಕಿ ನೋಡಿ. ಮೊದಲ ಕಿಣ್ವ ಗ್ಲೂಕೋಸ್ ಆಕ್ಸಿಡೇಸ್ ಬಿಡುವ ಹೈಡ್ರೋಜನ್ ಪೆರಾಕ್ಸೈಡ್ ಪುಟ್ಟ ಅಣು. ನೀರಿನಲ್ಲಿ ಅಷ್ಟು ದೂರ ಸಾಗಲು ಅದಕ್ಕೆ 10–20 ನ್ಯಾನೋಸೆಕೆಂಡ್ ಸಾಕು. ಕಿಣ್ವವೋ ಸೆಕೆಂಡಿಗೆ ಕೆಲವು ನೂರು ಅಣುಗಳನ್ನಷ್ಟೇ ಬಿಡುತ್ತದೆ, ಅಂದರೆ ಒಂದರಿಂದ ಇನ್ನೊಂದಕ್ಕೆ ಮಿಲಿಸೆಕೆಂಡುಗಳ ಅಂತರ. ಅಷ್ಟರಲ್ಲಿ ಮೊದಲ ಅಣು ದ್ರಾವಣದಲ್ಲಿ ಎಲ್ಲೋ ಹೋಗಿರುತ್ತದೆ. ತೆರೆದ ಹಲಗೆಯ ಮೇಲೆ ಅದನ್ನು ತಡೆಯುವ ಗೋಡೆಯೇ ಇಲ್ಲ.

"ಆದ್ದರಿಂದ ವೇಗ ಹೆಚ್ಚುತ್ತದೆ" ಎಂಬುದು ನಿಮ್ಮ ಮುಂದಿನ ವಾಕ್ಯ. ನಾನು ಬರೆಯಲು ಕಲಿಯುತ್ತಿದ್ದಾಗ ಹಿರಿಯ ಸಂಪಾದಕರೊಬ್ಬರು ಇಂಥ ವಾಕ್ಯಗಳ ಪಕ್ಕದಲ್ಲಿ "ಬೇರೆ ಕಾರಣ ಇರಬಹುದೇ?" ಎಂದು ಗೀಚುತ್ತಿದ್ದರು. ಇಲ್ಲಿ ಇದೆ. ಆ ಪೆರಾಕ್ಸೈಡನ್ನು ಬಳಸುವ ಎರಡನೇ ಕಿಣ್ವ ಪೆರಾಕ್ಸಿಡೇಸ್ ಜೊತೆಗಿನ ಜೋಡಿಯಲ್ಲಿ ವೇಗ ಹೆಚ್ಚಿದ್ದು 2012ರಲ್ಲಿ ವರದಿಯಾಯಿತು ನಿಜ. ಆದರೆ 2016ರ ಅಧ್ಯಯನವೊಂದು ಸಾಮೀಪ್ಯವನ್ನು ಕಾರಣವೆಂದು ಒಪ್ಪಲಿಲ್ಲ. ಡಿಎನ್‌ಎಯ ಋಣ ವಿದ್ಯುದಂಶದಿಂದ ಅದರ ಮೇಲ್ಮೈ ಸುತ್ತ ಪಿಎಚ್ ಇಳಿಯುತ್ತದೆ, ಆಮ್ಲೀಯತೆ ಒಗ್ಗುವ ಪೆರಾಕ್ಸಿಡೇಸ್ ಅಲ್ಲಿ ಚುರುಕಾಗುತ್ತದೆ ಎಂಬುದು ಅದರ ವಾದ. ಹಾಗಾಗಿ ಎರಡು ಕಂಟ್ರೋಲ್‌ಗಳು (ಹೋಲಿಕೆಯ ಪ್ರಯೋಗಗಳು) ಬೇಕೇ ಬೇಕು: ಪೆರಾಕ್ಸಿಡೇಸನ್ನು ಮಾತ್ರ ಡಿಎನ್‌ಎಗೆ ಜೋಡಿಸಿದ್ದು, ಮತ್ತು ಎರಡೂ ಕಿಣ್ವಗಳನ್ನು ಬೇರೆಬೇರೆ ಹಲಗೆಗಳ ಮೇಲಿಟ್ಟದ್ದು. ಇವುಗಳಲ್ಲೂ ಅಷ್ಟೇ ವೇಗ ಕಂಡರೆ ಸಾಮೀಪ್ಯದ ಕಥೆ ಬಿದ್ದಂತೆ.

"ಎಳೆಗಳನ್ನು ಬೆರೆಸಿ, ಕಾಯಿಸಿ, ತಣಿಸಿ, ಕಿಣ್ವ ಸೇರಿಸಿ" ಎಂಬ ನಿಮ್ಮ ಸಾಲನ್ನು ನಂಬಿ ಯಾರಾದರೂ ಕೆಲಸಕ್ಕಿಳಿದರೆ ಕೈಗೆ ಏನೂ ಸಿಗುವುದಿಲ್ಲ. 7249 ಬೇಸ್‌ಗಳ ಎಂ13 ಎಳೆಗೆ (ವೈರಸ್ಸಿನಿಂದ ಪಡೆದ ಉದ್ದನೆಯ ಡಿಎನ್‌ಎ) ಅದನ್ನು ಮಡಿಚಿ ಹಿಡಿಯುವ ಇನ್ನೂರಕ್ಕೂ ಹೆಚ್ಚು ಗಿಡ್ಡ ಸ್ಟೇಪಲ್ ಎಳೆಗಳು, ಒಂದೊಂದೂ ಐದು-ಹತ್ತು ಪಟ್ಟು ಹೆಚ್ಚಾಗಿ ಬೇಕು. ಮೆಗ್ನೀಸಿಯಂ ಸುಮಾರು 12.5 ಮಿಲಿಮೋಲಾರ್ ಇರಲಿ. ಅದಿಲ್ಲದಿದ್ದರೆ ಅಕ್ಕಪಕ್ಕದ ಸುರುಳಿಗಳು ಪರಸ್ಪರ ವಿಕರ್ಷಿಸಿ ರಚನೆ ಬಿಚ್ಚಿಕೊಳ್ಳುತ್ತದೆ. ತಣಿದ ಮೇಲೆ 100 ಕಿಲೋಡಾಲ್ಟನ್ ಫಿಲ್ಟರ್‌ನಲ್ಲಿ ಉಳಿಕೆ ಸ್ಟೇಪಲ್‌ಗಳನ್ನು ತೆಗೆಯಲೇಬೇಕು. ಬಿಟ್ಟರೆ, ಕಿಣ್ವಕ್ಕೆ ಅಂಟಿಸಿದ ಡಿಎನ್‌ಎ ತುಂಡನ್ನು ಹಲಗೆಗಿಂತ ಮೊದಲು ಅವೇ ಹಿಡಿದುಕೊಳ್ಳುತ್ತವೆ. ಕಿಣ್ವ ಸೇರಿಸುವುದು ಆಮೇಲೆ, ತಂಪಿನಲ್ಲೇ. ಎಷ್ಟು ಹಲಗೆಗಳಲ್ಲಿ ಎರಡೂ ಕಿಣ್ವಗಳು ಕೂತಿವೆ ಎಂದು ಎಎಫ್‌ಎಂ (ಪರಮಾಣು ಬಲ ಸೂಕ್ಷ್ಮದರ್ಶಕ) ಚಿತ್ರದಲ್ಲಿ ಎಣಿಸದೆ ವೇಗ ಹೋಲಿಸಬೇಡಿ.

ಅಂತರ ನಿಜವಾಗಿ ಮುಖ್ಯವಾಗುವುದು ಮಧ್ಯವರ್ತಿ ಅಣುವನ್ನೇ ಕಟ್ಟಿಹಾಕಿದಾಗ. 2014ರ ತೂಗುತೋಳಿನ ಪ್ರಯೋಗದಲ್ಲಿ ಎನ್‌ಎಡಿ ಅಣುವನ್ನು (ಕಿಣ್ವಗಳ ನಡುವೆ ಎಲೆಕ್ಟ್ರಾನ್ ಸಾಗಿಸುವ ಸಹಾಯಕ ಅಣು) ಡಿಎನ್‌ಎ ತೋಳಿನ ತುದಿಗೆ ಕಟ್ಟಿ ಎರಡು ಡಿಹೈಡ್ರೋಜಿನೇಸ್ ಕಿಣ್ವಗಳ ನಡುವೆ ತೂಗಿಸಿದ್ದರು. ಮೂರನೇ ಪ್ಯಾರಾವನ್ನು ಅದರ ಸುತ್ತ ಮತ್ತೆ ಬರೆದು ಕಳಿಸಿ, ಓದುತ್ತೇನೆ.