84ರ ಅವ್ವನಿಗೆ ಮೆದುಳಿನ ಆಪರೇಷನ್ ಮಾಡಿಸಬಹುದೇ?

ಪ್ರಶ್ನೆ: ನನ್ನ ಅವ್ವನಿಗೆ 84 ವರ್ಷ. ಕಳೆದ ಜನವರಿಯಲ್ಲೂ ಕಣದಲ್ಲಿ ನಿಂತು ಕಾಫಿ ಹರಡಿಸುತ್ತಿದ್ದವರು. ಮೂರು ತಿಂಗಳಿಂದ ಬಲಗಾಲು ಎಳೆಯುತ್ತಾರೆ. ಚಪ್ಪಲಿ ಜಾರಿಹೋದರೂ ಗೊತ್ತಾಗುವುದಿಲ್ಲ. ಆಗಾಗ ಮಂಕಾಗುತ್ತಾರೆ. ಎಂಆರ್‌ಐನಲ್ಲಿ ಎಡಭಾಗದಲ್ಲಿ, ನಡುನೆತ್ತಿಯ ಪಕ್ಕ 4.5 ಸೆಂ.ಮೀ. ಮೆನಿಂಜಿಯೋಮಾ, ಸುತ್ತ ಊತ ಎಂದಿದೆ. ಮೈಸೂರಿನ ವೈದ್ಯರು ಆಪರೇಷನ್ ಎನ್ನುತ್ತಾರೆ, ನೆಂಟರು ಬೇಡ ಎನ್ನುತ್ತಾರೆ. ರಕ್ತ ತೆಳು ಮಾಡುವ ಮಾತ್ರೆಯೂ ನಡೆಯುತ್ತಿದೆ. ಏನು ಮಾಡಲಿ?
— ಓದುಗರು, ನಾಪೋಕ್ಲು

ಉತ್ತರ: ಮೆನಿಂಜಿಯೋಮಾ ಮೆದುಳಿನ ಹೊದಿಕೆಯ ಪೊರೆಯಲ್ಲಿ ಹುಟ್ಟುವ ಗಡ್ಡೆ. ಹತ್ತರಲ್ಲಿ ಎಂಟು ಕ್ಯಾನ್ಸರ್ ಅಲ್ಲ. ಮೆದುಳನ್ನು ಹೊರಗಿನಿಂದ ಒತ್ತುತ್ತವೆ. ಕಾಲನ್ನು ಆಡಿಸುವ ಭಾಗ ನಡುನೆತ್ತಿಗೆ ಅಂಟಿಕೊಂಡಂತಿದೆ. ಅವ್ವನ ಕೈ ಸರಿಯಿದ್ದು ಚಪ್ಪಲಿ ಮಾತ್ರ ಜಾರುವುದು ಅದಕ್ಕೇ.

ಗಾಮಾ ನೈಫ್‌ನಂಥ ವಿಕಿರಣ ಸಾಮಾನ್ಯವಾಗಿ 3 ಸೆಂ.ಮೀ. ಒಳಗಿನ ಗಡ್ಡೆಗೆ. ಇಷ್ಟು ದೊಡ್ಡದಕ್ಕೆ, ಅದೂ ಊತ ಇರುವಾಗ ಕೊಟ್ಟರೆ ಊತ ಹೆಚ್ಚುವ ಭಯವಿದೆ. ಹಾಗಾಗಿ ಉಳಿದದ್ದು ಎರಡೇ ದಾರಿ: ತೆಗೆಸುವುದು, ಇಲ್ಲವೇ ಮಾತ್ರೆಯಲ್ಲಿ ದಿನ ತಳ್ಳುವುದು.

ಊತ ಇಳಿಸಲು ಡೆಕ್ಸಾಮೆಥಾಸೋನ್ ಕೊಟ್ಟಿರುತ್ತಾರೆ. ಎರಡು ಮೂರು ದಿನದಲ್ಲಿ ಕಾಲು ಚುರುಕಾಯಿತೇ, ಮಂಕು ಕಳೆಯಿತೇ, ಬರೆದಿಡಿ. ಚೇತರಿಸಿದರೆ ಮೆದುಳಿಗೆ ಇನ್ನೂ ಜೀವವಿದೆ, ಒತ್ತಡ ತೆಗೆದರೆ ಲಾಭವಾದೀತು ಎಂಬ ಒಳ್ಳೆಯ ಸೂಚನೆ. ಗಡ್ಡೆ ಕರಗಿತೆಂದು ಮಾತ್ರ ತಿಳಿಯಬೇಡಿ. ವಾರಗಟ್ಟಲೆ ನುಂಗಿದರೆ ಸಕ್ಕರೆ ಏರುತ್ತದೆ, ನಿದ್ದೆ ಕೆಡುತ್ತದೆ, ತೊಡೆ ಸೊರಗಿ ಕುಳಿತಲ್ಲಿಂದ ಏಳಲಾಗುವುದಿಲ್ಲ. ತಟ್ಟನೆ ನಿಲ್ಲಿಸಲೂ ಬಾರದು.

ವಯಸ್ಸಿಗಿಂತ ಹೆಚ್ಚಾಗಿ ನೋಡುವುದು ಕಾಯಿಲೆಗೆ ಮುಂಚಿನ ತ್ರಾಣವನ್ನು. ಜನವರಿಯಲ್ಲಿ ಕಣದಲ್ಲಿದ್ದ 84 ಒಂದು, ವರ್ಷದಿಂದ ಹಾಸಿಗೆ ಹಿಡಿದ 74 ಇನ್ನೊಂದು. ಕಣದ ವಿಷಯವನ್ನು ಅರಿವಳಿಕೆ ವೈದ್ಯರಿಗೆ ತಪ್ಪದೆ ಹೇಳಿ. ಈಗಿನ ಸ್ಥಿತಿ ಮಾತ್ರ ನೋಡಿದವರಿಗೆ ಅವ್ವ ನಿಜಕ್ಕಿಂತ ದುರ್ಬಲರಾಗಿ ಕಾಣುತ್ತಾರೆ. ಹೃದಯ, ಶ್ವಾಸಕೋಶ, ಮೂತ್ರಪಿಂಡ ತೀರಾ ಸೋತಿರದಿದ್ದರೆ ನಮ್ಮ ಒಲವು ಆಪರೇಷನ್ ಕಡೆಗೇ.

ಸರ್ಜನ್‌ಗೆ ಕೇಳಬೇಕಾದ ಮಾತು ಇನ್ನೊಂದಿದೆ. ನಡುನೆತ್ತಿಯ ಕೆಳಗೆ ದೊಡ್ಡದೊಂದು ಅಭಿಧಮನಿ ಹರಿಯುತ್ತದೆ. ಗಡ್ಡೆ ಅದಕ್ಕೆ ಅಂಟಿದ್ದರೆ ಅಲ್ಲಿನ ಚೂರನ್ನು ಬಿಡುತ್ತಾರಾ? ಪೂರ್ತಿ ಕೆರೆಯಹೋಗಿ ಆ ರಕ್ತನಾಳ ಹರಿದರೆ ಅಥವಾ ಮುಚ್ಚಿದರೆ ದೊಡ್ಡ ಅನಾಹುತ. ಉಳಿದ ಚೂರು ಮತ್ತೆ ಬೆಳೆಯಲು ಸಾಮಾನ್ಯವಾಗಿ ವರ್ಷಗಳೇ ಬೇಕು; ಈ ವಯಸ್ಸಿನಲ್ಲಿ ಬಿಡುವುದೇ ಜಾಣತನ.

ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಆದರೆ ಸಾಮಾನ್ಯವಾಗಿ 5ರಿಂದ 7 ದಿನ ಮೊದಲು ನಿಲ್ಲಿಸುತ್ತಾರೆ. ನೀವಾಗಿ ನಿಲ್ಲಿಸಬೇಡಿ, ಸ್ಟೆಂಟ್ ಇದ್ದರೆ ಹೃದಯ ವೈದ್ಯರ ಒಪ್ಪಿಗೆ ಬೇಕೇ ಬೇಕು. ಆಪರೇಷನ್ ಆದ ಮೊದಲ 24 ಗಂಟೆ ಒಳಗೆ ರಕ್ತ ಸೋರುವ ಭಯ ಹೆಚ್ಚು. ಆಮೇಲಿನ ರಾತ್ರಿಗಳಲ್ಲಿ ಅವ್ವ ಮನೆಗೆ ಹೋಗಬೇಕೆಂದು ಟ್ಯೂಬ್ ಕಿತ್ತು ಏಳಬಹುದು. ಹುಚ್ಚಲ್ಲ, ಹಿರಿಯರಿಗೆ ಆಗಾಗ ಬರುವ ಗೊಂದಲ. ಕನ್ನಡಕ, ಕಿವಿಯ ಯಂತ್ರ ಹಾಕಿ, ಪರಿಚಯದ ಒಬ್ಬರು ಪಕ್ಕದಲ್ಲಿರಿ. ಸೋಡಿಯಂ ಇಳಿದರೂ, ಮೂತ್ರದ ಸೋಂಕಾದರೂ ಇದೇ ರೀತಿ ಆಗುವುದರಿಂದ ಪರೀಕ್ಷೆ ಮಾಡಿಸಿ. ಎದೆಗೆ ಕಫ ಕಟ್ಟದಂತೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟದಂತೆ ಬೇಗ ಎಬ್ಬಿಸಿ ಕೂರಿಸುತ್ತಾರೆ, ಪಾಪ ಎಂದು ತಡೆಯಬೇಡಿ. ಮಡಿಕೇರಿಯಿಂದಲೇ ಮೈಸೂರು ಸುಮಾರು 120 ಕಿ.ಮೀ., ನಾಪೋಕ್ಲು ಇನ್ನೂ ಆಚೆ. ಹೊಲಿಗೆ ಬಿಚ್ಚುವವರೆಗೆ ಮೈಸೂರಲ್ಲೇ ಉಳಿಯುವುದು ಮೇಲು.

ಪ್ರಶ್ನೆ: ಬಿದ್ದಾಗ ಮಾಡಿಸಿದ ಸ್ಕ್ಯಾನ್‌ನಲ್ಲಿ ಅಪ್ಪನಿಗೆ (86) 1.5 ಸೆಂ.ಮೀ. ಮೆನಿಂಜಿಯೋಮಾ ಕಂಡಿದೆ. ತೊಂದರೆಯೇನೂ ಇಲ್ಲ. ತೆಗೆಸಬೇಕೇ?
— ಓದುಗರು, ಸೋಮವಾರಪೇಟೆ

ಉತ್ತರ: ಬೇಡ. ಆರು ತಿಂಗಳಿಗೊಮ್ಮೆ ಎಂಆರ್‌ಐ, ಬೆಳೆಯದಿದ್ದರೆ ಮುಂದೆ ವರ್ಷಕ್ಕೊಮ್ಮೆ. ಪೇಸ್‌ಮೇಕರ್ ಇದ್ದರೆ ಮೊದಲೇ ತಿಳಿಸಿ. ಗಡ್ಡೆಯಿಂದ ಮೂರ್ಛೆ (ಫಿಟ್ಸ್) ಬಂದರೆ ಕೈಗೆ ಕಬ್ಬಿಣ, ಬಾಯಿಗೆ ಚಮಚ ಯಾವುದೂ ಬೇಡ. ಮಗ್ಗುಲಿಗೆ ಮಲಗಿಸಿ ಗಡಿಯಾರ ನೋಡಿ. 5 ನಿಮಿಷ ದಾಟಿದರೆ ತಕ್ಷಣ ಹತ್ತಿರದ ಆಸ್ಪತ್ರೆ. ಅದಕ್ಕಿಂತ ಮೊದಲೇ ನಿಂತರೂ ವೈದ್ಯರಿಗೆ ತೋರಿಸಿ. ಅಂದಹಾಗೆ, ಅಪ್ಪ ಬಿದ್ದದ್ದಕ್ಕೆ ಈ ಗಡ್ಡೆ ಕಾರಣವಾಗಿರುವ ಸಾಧ್ಯತೆ ಕಡಿಮೆ. ಎದ್ದು ನಿಂತಾಗ ಬಿಪಿ ಇಳಿಯುತ್ತದೆಯೇ, ಕಣ್ಣಿನ ಪೊರೆ ಬಂದಿದೆಯೇ, ಬಚ್ಚಲ ಕಲ್ಲು ಜಾರುತ್ತದೆಯೇ ನೋಡಿ.