ಪ್ರಾರ್ಥನೆಯಲ್ಲಿ ಒಂದು ಹೆಸರು ಬಿಟ್ಟುಹೋದರೆ?

ಪ್ರಶ್ನೆ: ನನಗೆ 36 ವರ್ಷ. ಹಾಸನದಲ್ಲಿ ಶಾಲಾ ಶಿಕ್ಷಕಿ, ಇಬ್ಬರು ಮಕ್ಕಳಿದ್ದಾರೆ. ಒಂದು ವರ್ಷದಿಂದ ಕಾರಣವಿಲ್ಲದೆ ಎದೆ ಡವಗುಟ್ಟುತ್ತದೆ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ಇಸಿಜಿ, ಥೈರಾಯ್ಡ್ ಪರೀಕ್ಷೆ ಎರಡೂ ಸರಿಯಾಗಿವೆ. ಮಲಗುವ ಮುನ್ನ ಮನೆಯವರೆಲ್ಲರ ಹೆಸರು ಹಿಡಿದು ಪ್ರಾರ್ಥಿಸುತ್ತೇನೆ. ಯಾರದೋ ಹೆಸರು ಬಿಟ್ಟುಹೋಯಿತೇನೋ ಎಂದು ಅನುಮಾನ ಬಂದರೆ ಅವರಿಗೆ ಏನಾದರೂ ಆಗಿಬಿಡುತ್ತದೆಂದು ಹೆದರಿ ಮೊದಲಿನಿಂದ ಶುರುಮಾಡುತ್ತೇನೆ. ವೈದ್ಯರು ಮನೋವೈದ್ಯರನ್ನು ಕಾಣಲು ಹೇಳಿದ್ದಾರೆ. ನಮ್ಮ ಯಜಮಾನರಿಗೆ ಒಪ್ಪಿಗೆಯಿಲ್ಲ. ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರು, ‘ಚಿಂತೆ ಮಾಡಬಾರದೆಂದು ದೇವರ ವಾಕ್ಯವೇ ಹೇಳುತ್ತದೆ, ನಿಮ್ಮ ವಿಶ್ವಾಸ ಸಾಲದು’ ಎಂದರು. ಮಾತ್ರೆ ನುಂಗಿದರೆ ಯೇಸುವನ್ನು ನಂಬಲಿಲ್ಲವೆಂದು ಆಗುತ್ತದೆಯೇ?

ಉತ್ತರ: ಖಂಡಿತ ಆಗುವುದಿಲ್ಲ, ಸಹೋದರಿ.

ಹಿರಿಯರು ನೆನಪಿಸಿದ ವಾಕ್ಯ ಬೈಬಲಿನಲ್ಲಿ ಫಿಲಿಪ್ಪಿಯವರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯದ್ದು. ಅದನ್ನು ಬರೆಯುವಾಗ, ಯೇಸುವಿನ ಸಂದೇಶ ಸಾರುತ್ತಿದ್ದ ಪೌಲ ಸೆರೆಯಲ್ಲಿದ್ದ. ಎರಡು ಹಾಳೆ ಹಿಂದಕ್ಕೆ ತಿರುಗಿಸಿ, ಎರಡನೆಯ ಅಧ್ಯಾಯವನ್ನೂ ಓದಿ. ಪೌಲನ ನೆರವಿಗೆ ಬಂದ ಎಪಫ್ರೊದೀತ ಕಾಯಿಲೆ ಬಿದ್ದು ಸಾಯುವ ಸ್ಥಿತಿಗೆ ಬಂದಿದ್ದ. ಅವನು ತೀರಿಹೋಗಿದ್ದರೆ ತನಗೆ ದುಃಖದ ಮೇಲೆ ದುಃಖವಾಗುತ್ತಿತ್ತು ಎನ್ನುತ್ತಾನೆ ಪೌಲ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ, ಎಲ್ಲ ಸಭೆಗಳ ಚಿಂತೆ ದಿನವೂ ತನ್ನನ್ನು ಒತ್ತುತ್ತಿದೆ ಎಂದು ಬಚ್ಚಿಡದೆ ಹೇಳಿಕೊಳ್ಳುತ್ತಾನೆ. ಅವನ ವಿಶ್ವಾಸ ಸಾಲದೆಂದು ನಾವು ಯಾರಾದರೂ ಹೇಳುತ್ತೇವೆಯೇ? ಅವನ ಜೊತೆಗಿದ್ದ ಲೂಕನನ್ನು ಅವನು ಕರೆಯುವುದು ‘ಪ್ರಿಯ ವೈದ್ಯ’ ಎಂದೇ. ಚಿಂತೆ ಮಾಡಬೇಡಿರಿ ಎಂಬುದು ಚಿಂತೆಯ ಭಾರ ಬಲ್ಲವನು ಹೇಳಿದ ಸಾಂತ್ವನ. ಅದನ್ನು ನರಳುತ್ತಿರುವವರ ಮೇಲೆ ಆರೋಪವಾಗಿ ಹೊರಿಸುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇನ್ನು ಆ ಹೆಸರುಗಳ ವಿಷಯ. ನಿಮ್ಮ ಪತ್ರದಲ್ಲಿ ನನ್ನ ಗಮನ ಹೆಚ್ಚು ಸೆಳೆದದ್ದು ಅದೇ. ಅನುಮಾನ ಬಂದಾಗ ಮೊದಲಿನಿಂದ ಪ್ರಾರ್ಥಿಸಿದರೆ ಸ್ವಲ್ಪ ಹೊತ್ತು ಹಗುರವಾಗುತ್ತದೆ. ಮತ್ತೆ ಹೇಳಿದ್ದರಿಂದಲೇ ಅಪಾಯ ತಪ್ಪಿತು ಎಂದು ಮನಸ್ಸು ನಂಬಿಬಿಡುತ್ತದೆ. ಹಾಗಾಗಿ ಮರುರಾತ್ರಿ ಅನುಮಾನ ಇನ್ನೂ ಬಲವಾಗಿ ಬರುತ್ತದೆ. ಇದು ಗೀಳು ಕಾಯಿಲೆಯ (ಒಸಿಡಿ) ಲಕ್ಷಣವಿರಬಹುದು. ಅದನ್ನು ನಿರ್ಧರಿಸಬೇಕಾದವರು ಮನೋವೈದ್ಯರು. ಆದ್ದರಿಂದ ಎದೆಬಡಿತ, ನಿದ್ದೆಗಳ ಜೊತೆಗೆ ಈ ಸಂಗತಿಯನ್ನೂ ಅವರಿಗೆ ಮುಚ್ಚಿಡದೆ ಹೇಳಿ. ಪ್ರಾರ್ಥನೆಯ ವಿಷಯ ವೈದ್ಯರಿಗೇಕೆ ಎಂದು ಬಹಳ ಮಂದಿ ಇಲ್ಲೇ ಸುಮ್ಮನಾಗಿಬಿಡುತ್ತಾರೆ.

ಇಂಥ ಸಂಕಟ ಭಕ್ತರಿಗೆ ಹೊಸದಲ್ಲ. ಮುಂದೆ ಪ್ರೊಟೆಸ್ಟಂಟ್ ಸುಧಾರಣೆಗೆ ನಾಂದಿ ಹಾಡಿದ, 1505ರಲ್ಲಿ ಜರ್ಮನಿಯ ಎರ್ಫರ್ಟ್‌ನ ಮಠ ಸೇರಿದ ಮಾರ್ಟಿನ್ ಲೂಥರ್, ಯಾವುದಾದರೂ ಪಾಪ ಹೇಳದೆ ಉಳಿಯಿತೇನೋ ಎಂಬ ಭಯದಲ್ಲಿ ಗುರುಗಳ ಮುಂದೆ ಪಾಪ ಒಪ್ಪಿಕೊಳ್ಳುವ ಪಾಪನಿವೇದನೆಗೆ ಮತ್ತೆ ಮತ್ತೆ ಓಡುತ್ತಿದ್ದ. ಅವನ ಹಿರಿಯರಾಗಿದ್ದ ಸ್ಟೌಪಿಟ್ಸ್ ಅವರು, ನಿನ್ನನ್ನೇ ಕೆದಕುವುದನ್ನು ಬಿಟ್ಟು ಕ್ರಿಸ್ತನ ಗಾಯಗಳನ್ನು ನೋಡು ಎಂದು ತಿದ್ದಿದರು. ಮುಂದೆ 1530ರಲ್ಲಿ, ಖಿನ್ನತೆಯಿಂದ ಬಳಲುತ್ತಿದ್ದ ಯುವಕನೊಬ್ಬನಿಗೆ ಇದೇ ಲೂಥರ್ ಬರೆದ ಪತ್ರದಲ್ಲಿ ಒಂಟಿಯಾಗಿರಬೇಡ, ಜನರೊಡನೆ ಬೆರೆ, ನಕ್ಕು ನಲಿ ಎಂಬ ಬುದ್ಧಿಮಾತಿದೆ.

ನಿಮ್ಮ ಮಕ್ಕಳನ್ನು ಕಾಯುತ್ತಿರುವುದು ನಿಮ್ಮ ಜ್ಞಾಪಕಶಕ್ತಿಯಲ್ಲ. ಹೇಗೆ ಪ್ರಾರ್ಥಿಸಬೇಕೆಂದು ತಿಳಿಯದವರಿಗಾಗಿ ಪವಿತ್ರಾತ್ಮನೇ ಬೇಡಿಕೊಳ್ಳುತ್ತಾನೆ ಎಂದು ರೋಮಾಪುರದವರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯ ಹೇಳುತ್ತದೆ. ಆದ್ದರಿಂದ ಇಂದು ರಾತ್ರಿ ಹೆಸರುಗಳ ಪಟ್ಟಿ ಬೇಡ. ‘ಕರ್ತನೇ, ನನ್ನವರೆಲ್ಲರನ್ನೂ ನೀನು ಬಲ್ಲೆ’ ಎಂದು ಒಮ್ಮೆ ಹೇಳಿ ‘ಆಮೆನ್’ ಅನ್ನಿ. ಅನುಮಾನ ಬಂದೇ ಬರುತ್ತದೆ, ಬರಲಿ. ಎದೆ ಹೊಡೆದುಕೊಳ್ಳುತ್ತದೆ, ಕೈ ಬೆವರುತ್ತದೆ. ಆದರೂ ಮತ್ತೆ ಹೇಳಬೇಡಿ. ಆ ಭಯ ತಾನಾಗಿ ಏರಿ ತಾನಾಗಿ ಇಳಿಯುವುದಕ್ಕೆ ಅವಕಾಶ ಕೊಡಿ. ಈ ಒಂದು ಸಾಲನ್ನೂ ‘ಸರಿಯಾಗಿ ಹೇಳಿದೆನೇ’ ಎಂದು ಅಳೆಯಲು ಶುರುಮಾಡಿದರೆ ಅದನ್ನೂ ಬಿಟ್ಟು ಮಲಗಿ. ಮೊದಲ ಕೆಲವು ರಾತ್ರಿಗಳು ಕಷ್ಟವಾಗುತ್ತವೆ. ಒಬ್ಬರಿಂದಲೇ ಆಗದಿದ್ದರೆ ನಿಮ್ಮನ್ನು ಹಳಿದುಕೊಳ್ಳಬೇಡಿ, ಮನಶ್ಶಾಸ್ತ್ರಜ್ಞರು ಇದನ್ನೇ ಹಂತಹಂತವಾಗಿ ಅಭ್ಯಾಸ ಮಾಡಿಸುತ್ತಾರೆ.

ಎದೆ ಡವಗುಟ್ಟಿದ ಮಾತ್ರಕ್ಕೆ ದೇವರ ಶಾಂತಿ ನಿಮ್ಮನ್ನು ಬಿಟ್ಟುಹೋಯಿತು ಎಂದುಕೊಳ್ಳಬೇಡಿ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಕಳವಳಪಟ್ಟ, ಮೂವರು ಶಿಷ್ಯರನ್ನು ಕರೆದು ನನ್ನೊಂದಿಗೆ ಎಚ್ಚರವಾಗಿರಿ ಎಂದ. ನೀವೂ ಸಭೆಯಲ್ಲಿ ನಂಬಿಕೆಯ ಒಬ್ಬ ಗೆಳತಿಗೆ ಎಲ್ಲವನ್ನೂ ಹೇಳಿಕೊಳ್ಳಿ. ಹಿರಿಯರೊಂದಿಗೆ ವಾದ ಬೇಡ, ವೈದ್ಯರ ಭೇಟಿಗಾಗಿ ಪ್ರಾರ್ಥಿಸಿ ಎಂದಷ್ಟೇ ಕೇಳಿ.

ಮಾತ್ರೆಯ ಬಗ್ಗೆ ಒಂದೆರಡು ಮಾತು. ಆತಂಕಕ್ಕೆ ಸಾಮಾನ್ಯವಾಗಿ ಕೊಡುವ ಔಷಧಿಗಳು ಗುಣ ತೋರಿಸಲು ಕೆಲವು ವಾರ ಹಿಡಿಯುತ್ತವೆ. ಎರಡು ದಿನ ನುಂಗಿ ಏನೂ ಆಗಲಿಲ್ಲವೆಂದು ಬಿಡಬೇಡಿ. ಗುಣವಾಯಿತೆಂದು ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಲೂಬೇಡಿ. ಮೊದಲ ಭೇಟಿಗೆ ಯಜಮಾನರನ್ನೂ ಕರೆದುಕೊಂಡು ಹೋಗಿ. ಅಭ್ಯಾಸವಾಗಿಬಿಡುತ್ತದೆಯೇ, ಎಷ್ಟು ಕಾಲ ನುಂಗಬೇಕು ಎಂಬ ಅವರ ಪ್ರಶ್ನೆಗಳನ್ನು ಅವರೇ ವೈದ್ಯರ ಮುಂದಿಡಲಿ. ಅಷ್ಟರೊಳಗೆ ಮೂರು ಗಂಟೆಯ ಹೊತ್ತು ತಡೆಯಲಾಗದಿದ್ದರೆ, ಸಾಯಬೇಕೆನ್ನುವ ಯೋಚನೆ ಒಮ್ಮೆ ಸುಳಿದರೂ ಸರಿ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತನಾಡುತ್ತಾರೆ.